ಹನ್ನೆರಡನೆಯ ಹುಣ್ಣಿಮೆ

ಕಳೆದ ತಿಂಗಳು ಪಿಂಚಣಿಯ ಒಂದು ಕಾಗದಕ್ಕೆಂದು ವಿರಾಜಪೇಟೆಯ ಖಜಾನೆಗೆ ಹೋಗಿದ್ದೆ. ಒಳಗಿನ ಕೋಣೆಯಲ್ಲಿ ಯಾರೋ ಮೇಣದಬತ್ತಿ ಹಚ್ಚಿಕೊಂಡು ದಪ್ಪ ಲಕೋಟೆಯೊಂದಕ್ಕೆ ಅರಗು ಹಾಕುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಲೋಕದ ಪರಿವೆ ತಪ್ಪಿತು. ಕಿಟಕಿಯ ಹಿಂದಿದ್ದ ಗುಮಾಸ್ತೆ ಮೂರು ಸಲ ಹೆಸರು ಹಿಡಿದು ಕೂಗಿದರಂತೆ. ಪಾಪ, ಮುದುಕನಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡಿರಬೇಕು. ಆ ಹೊತ್ತಿನಲ್ಲಿ ನಾನು ಪಾಲಿಬೆಟ್ಟದ ಎಸ್ಟೇಟ್ ಆಫೀಸೊಂದರಲ್ಲಿ, ಇಪ್ಪತ್ತಾರು ವರ್ಷದ ಟೈಪಿಸ್ಟನಾಗಿ, ಕಕ್ಕಡ ತಿಂಗಳ ಮಳೆಯ ಸದ್ದು ಕೇಳುತ್ತ ಕುಳಿತಿದ್ದೆ.

ಕೊಡಗು ತಾನೇ ಒಂದು ರಾಜ್ಯವಾದ ಮೊದಲ ವರ್ಷ ಅದು. ಕಚೇರಿಗಳ ಬೋರ್ಡಿಗೆ ಹೊಸ ಬಣ್ಣ ಬಂದಿತ್ತು, ಒಳಗಿನ ಕುರ್ಚಿಗಳು ಮಾತ್ರ ಹಳೆಯವೇ. ನಾನು ವಿರಾಜಪೇಟೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಟೈಪಿಸ್ಟ್. ಊರು ಉತ್ತರದ ಕೊಡ್ಲಿಪೇಟೆ. ನಾನು ಬಾಯಿ ತೆರೆದರೆ ಸಾಕು, ದಕ್ಷಿಣದವರು "ಏನು ಬಸವರಾಜು, ಹಾಸನದಿಂದ ಯಾವಾಗ ಬಂದ್ರಿ?" ಎಂದು ಕಾಲೆಳೆಯುತ್ತಿದ್ದರು. ಇಂಗ್ಲಿಷ್ ಬರುತ್ತದೆ, ಕೈ ಓಡುತ್ತದೆ ಎಂಬ ಜಂಬ ನನಗೆ ಸಾಕಷ್ಟಿತ್ತು. ಕೋರ್ಟಿನಲ್ಲಿ ನಾನಿಲ್ಲದೆ ಎಲೆಯೂ ಅಲುಗುವುದಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ಒಂದು ಬೆಳಗ್ಗೆ ಮ್ಯಾಜಿಸ್ಟ್ರೇಟರು ಕರೆಸಿದರು. ಅವರು ಕೊಡವರು, ಮಾತು ಕಡಿಮೆ. ಅವರ ಎದುರು ಬಿಸಿಲಿಗೆ ಸುಟ್ಟ ಮುಖದ, ಸಣಕಲು ಮೈಯ ಒಬ್ಬ ಬಿಳಿಯ ಕ್ಯಾಪ್ಟನ್ ಕುಳಿತಿದ್ದ.

"ನಿಮ್ಮ ಮೆಷಿನನ್ನು ಒದ್ದೆಯಾಗದ ಹಾಗೆ ಕಟ್ಟಿಕೊಳ್ಳಿ. ನಾವು ಪಾಲಿಬೆಟ್ಟಕ್ಕೆ ಹೋಗ್ಬೇಕು. ಇವರು ಆಸ್ಟ್ರೇಲಿಯದಿಂದ ಬಂದವರು, ಒಬ್ಬ ಸಾಕ್ಷಿಯ ಹೇಳಿಕೆ ಬೇಕಂತೆ" ಎಂದರು.

"ಏನು ಕೇಸು ಸಾರ್?"

"ಕೊಲೆ. ಸಮುದ್ರದಾಚೆ ಒಂದು ದ್ವೀಪದಲ್ಲಿ ಆದದ್ದು."

ಜೀಪಿನಲ್ಲಿ ಕ್ಯಾಪ್ಟನ್ ವಿವರಿಸಿದ. ಯುದ್ಧದಲ್ಲಿ ಸಿಂಗಪುರ ಬಿದ್ದಾಗ ಜಪಾನಿಯರ ಕೈಗೆ ಸಿಕ್ಕ ನಮ್ಮ ಸಿಪಾಯಿಗಳನ್ನು ಹಡಗಿನಲ್ಲಿ ತುಂಬಿ ದಕ್ಷಿಣದ ದ್ವೀಪಗಳಿಗೆ ಸಾಗಿಸಿದ್ದರು. ಅಲ್ಲಿ ಸೆರೆಯಾಳುಗಳ ಮೇಲೆ ನಡೆದ ಕೊಲೆ, ಹಿಂಸೆಗಳ ವಿಚಾರಣೆ ಈಗ ಇನ್ನೊಂದು ದ್ವೀಪದಲ್ಲಿ ನಡೆಯುತ್ತಿದೆ. ಎಲ್ಲ ಸಾಕ್ಷಿಗಳನ್ನೂ ಅಷ್ಟು ದೂರ ಕರೆಸಲಾಗದು. ಅದಕ್ಕೆ ಅವನೇ ಊರೂರು ಅಲೆದು, ಪ್ರಮಾಣ ಮಾಡಿಸಿ, ಹೇಳಿಕೆ ಬರೆಸಿಕೊಂಡು ಹೋಗುತ್ತಾನೆ. ಪಂಜಾಬು, ಹೈದರಾಬಾದು ಮುಗಿಸಿ ಈಗ ನಮ್ಮಲ್ಲಿಗೆ ಬಂದಿದ್ದ.

ಯುದ್ಧ ಮುಗಿದು ಐದು ವರ್ಷವಾಗಿತ್ತು. ಪಡಿತರದ ಸಾಲು ಬಿಟ್ಟರೆ ಅದರ ನೆನಪೇ ನಮಗೆ ಉಳಿದಿರಲಿಲ್ಲ. ಹೀಗಿರುವಾಗ ಹೆಸರೂ ಇಲ್ಲದ ಒಬ್ಬ ಸಿಪಾಯಿಯ ಸಾವಿಗಾಗಿ ಒಬ್ಬ ಮನುಷ್ಯ ಸಮುದ್ರ ದಾಟಿ, ಜಿಗಣೆ ಕಚ್ಚಿಸಿಕೊಂಡು, ಪಾಲಿಬೆಟ್ಟದ ಕೆಸರಿನಲ್ಲಿ ಜೀಪು ತಳ್ಳುತ್ತಿದ್ದಾನೆ! ನನಗೆ ಅದನ್ನು ನಂಬಲಿಕ್ಕೇ ಆಗಲಿಲ್ಲ. ನಮ್ಮ ಕೋರ್ಟಿನಲ್ಲಿ ಪಕ್ಕದ ಊರಿನ ಸಾಕ್ಷಿ ಬರದಿದ್ದರೇ ಕೇಸು ಮುಂದೆ ಹೋಗುತ್ತಿದ್ದ ಕಾಲ.

ಸಾಕ್ಷಿಯ ಹೆಸರು ಕುಶಾಲಪ್ಪ. ಚೇರಂಬಾಣೆ ಕಡೆಯ ಗೌಡರ ಮನೆತನ, ಮನೆಮಾತು ಅರೆಭಾಷೆ. ಯುದ್ಧದಿಂದ ಎಡಗಾಲು ಊನ ಮಾಡಿಕೊಂಡು ಬಂದವರು ಈಗ ಆ ಎಸ್ಟೇಟಿನ ಕಾಫಿ ಗೋದಾಮು ನೋಡಿಕೊಳ್ಳುತ್ತಿದ್ದರು. ನಲವತ್ತು ದಾಟಿರಲಿಲ್ಲ, ತಲೆ ಪೂರ್ತಿ ಬೆಳ್ಳಗಾಗಿತ್ತು. ಅವರ ಹೆಂಡತಿ ಸೀತಕ್ಕ ಬಾಗಿಲ ಬಳಿ ನಿಂತು ಒಮ್ಮೆ ನನ್ನನ್ನೂ ಒಮ್ಮೆ ಟೈಪ್‌ರೈಟರನ್ನೂ ನೋಡುತ್ತಿದ್ದರು.

ಮೊದಲು ಪ್ರಮಾಣ ಮಾಡಿಸಿದ್ದು ನನ್ನಿಂದಲೇ. ಸಾಕ್ಷಿ ಹೇಳಿದ್ದಕ್ಕೆ ಒಂದು ಮಾತು ಕೂಡಿಸುವುದಿಲ್ಲ, ಒಂದು ಮಾತು ಕಳೆಯುವುದಿಲ್ಲ ಎಂದು ದುಭಾಷಿಯ ಪ್ರಮಾಣ. ಅದನ್ನು ಗಿಣಿಯ ಹಾಗೆ ಹೇಳಿ ಮುಗಿಸಿದೆ. ಆಮೇಲೆ ಕ್ಯಾಪ್ಟನ್ ಒಂದು ದೊಡ್ಡ ರಟ್ಟು ತೆಗೆದು ಮೇಜಿನ ಮೇಲಿಟ್ಟ. ಹನ್ನೆರಡು ಫೋಟೋಗಳು, ಹೆಸರಿಲ್ಲ, ಬರಿಯ ಸಂಖ್ಯೆ. ಇವರಲ್ಲಿ ಗುರುತಿರುವವರು ಇದ್ದರೆ ತೋರಿಸಲಿ, ಇಲ್ಲದಿದ್ದರೆ ಇಲ್ಲ ಎನ್ನಲಿ ಎಂದ. ಕುಶಾಲಪ್ಪಣ್ಣ ಬಹಳ ಹೊತ್ತು ನೋಡಿ ನಾಲ್ಕನೆಯದರ ಮೇಲೂ ಒಂಬತ್ತನೆಯದರ ಮೇಲೂ ಬೆರಳಿಟ್ಟರು.

"ಈ ದಪ್ಪ ಕತ್ತಿನವ ಕ್ಯಾಂಪಿನ ಮೊದಲಿನ ಸಾಹೇಬ. ಈ ಕನ್ನಡಕದವನೂ ಸಾಹೇಬನೇ, ಅವ ಆಮೇಲೆ ಬಂದದ್ದು. ಇವ ಯಾವಾಗ ಬಂದ, ಮೊದಲಿನವ ಯಾವಾಗ ಹೋದ, ನಮಗೆ ಗೊತ್ತಾಗ್ಲಿಲ್ಲ. ಅವರ ಬಂಗ್ಲೆ ಗುಡ್ಡದ ಮೇಲೆ, ನಾವು ಕೆಳಗೆ ಗದ್ದೆಯಲ್ಲಿ."

ಮೂರು ದಿನ ಹೇಳಿಕೆ ನಡೆಯಿತು. ಒಂದೊಂದು ವಾಕ್ಯಕ್ಕೂ ಕ್ಯಾಪ್ಟನ್ ಒಂದೇ ಪ್ರಶ್ನೆ ಕೇಳುತ್ತಿದ್ದ: "ಇದು ಅವನು ಕಂಡದ್ದೋ, ಕೇಳಿದ್ದೋ?" ಕಂಡದ್ದಾದರೆ ಒಂದು ಹಾಳೆ, ಕೇಳಿದ್ದಾದರೆ ಇನ್ನೊಂದು. ಮೊದಲ ದಿನ ಅದು ನನಗೆ ಬರೀ ಕಿರಿಕಿರಿ. ಎರಡನೆಯ ದಿನದ ಹೊತ್ತಿಗೆ ಆ ಪ್ರಶ್ನೆಗೆ ಕಾಯತೊಡಗಿದೆ. ಜಪಾನಿಯರೆಂದರೆ ರಾಕ್ಷಸರು ಎಂದು ಯುದ್ಧದ ಉದ್ದಕ್ಕೂ ಕೇಳಿದ್ದೆ. ಆ ರಾಕ್ಷಸರಿಗೂ ವಕೀಲರಿದ್ದಾರೆ, ಅವರ ಪರವಾಗಿಯೂ ವಾದ ನಡೆಯುತ್ತದೆ, ಅವರ ವಿರುದ್ಧದ ಪ್ರತಿ ಮಾತನ್ನೂ ಹೀಗೆ ಜರಡಿ ಹಿಡಿಯುತ್ತಾರೆ ಎಂಬುದು ನನ್ನ ತಲೆಗೆ ಹೋಗಲು ಸಮಯ ಹಿಡಿಯಿತು.

ಕ್ಯಾಪ್ಟನ್ ಒಮ್ಮೆ ಹೇಳಿದ: "ಶರಣಾದವನ ಪ್ರಾಣ, ಅವನನ್ನು ಸೆರೆಹಿಡಿದವನ ಜವಾಬ್ದಾರಿ. ಇದು ಒಂದು ದೇಶದ ಕಾನೂನಲ್ಲ, ಎಲ್ಲ ದೇಶಗಳದ್ದು."

ನಾನು ಕನ್ನಡದಲ್ಲಿ ಹೇಳಿದೆ. ಕುಶಾಲಪ್ಪಣ್ಣ ನನ್ನನ್ನೇ ನೋಡಿದರು. "ಕೈ ಎತ್ತಿದವನ್ನ ಕೊಲ್ಲಬಾರದು ಅಂತ ಹೇಳ್ಲಿಕ್ಕೆ ಕಾನೂನು ಬೇಕಾ ಗುಮಾಸ್ತರೇ?"

ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಕ್ಯಾಪ್ಟನ್ "ಬೇಕಾಯಿತು" ಎಂದ.

ಸತ್ತವನ ಹೆಸರು ಮಾದಪ್ಪ. ಬಾಳೆಲೆಯ ಹುಡುಗ, ಕೊಡವ, ಕುಶಾಲಪ್ಪಣ್ಣನ ತುಕಡಿಯವನೇ. ಸಿಂಗಪುರದ ಸೆರೆಯಲ್ಲಿದ್ದ ಮೊದಲ ವರ್ಷ ಕೊಡಗಿನ ಒಬ್ಬ ಸುಬೇದಾರರು ಲೆಕ್ಕ ಹಾಕಿ, ಹೊಸ ಕದಿರು ತೆಗೆಯುವ ಹುತ್ತರಿ ಹಬ್ಬದ ಹುಣ್ಣಿಮೆ ಯಾವತ್ತೆಂದು ಹೇಳಿದ್ದರು. ಅಂದು ನಮ್ಮ ಕೊಡಗಿನವರು ಏಳು ಜನ ಸೇರಿ ಒಂದು ಹಿಡಿ ಅನ್ನ ಹಂಚಿಕೊಂಡು ತಿಂದಿದ್ದರಂತೆ. ಆಮೇಲೆ ಹಡಗು, ದ್ವೀಪ. ಆ ದ್ವೀಪಕ್ಕೆ ಬಂದ ಕೊಡಗಿನವರು ಇವರಿಬ್ಬರೇ.

"ಅಲ್ಲಿ ತಾರೀಕು ಇಲ್ಲ, ವಾರ ಇಲ್ಲ. ರಾತ್ರಿ ಶೆಡ್ಡಿಗೆ ತುಂಬಿ ಬೀಗ ಹಾಕ್ತಾರೆ. ತಟ್ಟಿಯ ಸಂದಿನಲ್ಲಿ ಚಂದ್ರ ಮಾತ್ರ ಕಾಣ್ತದೆ, ನಕ್ಷತ್ರ ಕಾಣುವಷ್ಟು ಆಕಾಶ ಇಲ್ಲ. ಸಿಂಗಪುರದ ಆ ಹುತ್ತರಿಯಿಂದ ನಾನು ಉಡಿದಾರಕ್ಕೆ ಹುಣ್ಣಿಮೆಗೊಂದು ಗಂಟು ಹಾಕ್ತಿದ್ದೆ. ಈ ವರ್ಷದ ಹುತ್ತರಿ ಯಾವತ್ತು ಕುಶಾಲಣ್ಣ ಅಂತ ಮಾದಪ್ಪ ದಿನಾ ಕೇಳ್ತಿದ್ದ. ಎಣಿಸಿ ಹೇಳಿದೆ."

ಸೆರೆಯಾಳುಗಳಿಂದಲೇ ಅಲ್ಲಿ ಒಂದು ತುಂಡು ಗದ್ದೆ ಮಾಡಿಸಿದ್ದರು. ತೆನೆ ಬಂದಿತ್ತು. ಹುತ್ತರಿ ಎಂದು ಕುಶಾಲಪ್ಪಣ್ಣ ಹೇಳಿದ ಸಂಜೆ, ಚಂದ್ರ ಏಳುವ ಹೊತ್ತಿಗೆ, ಮಾದಪ್ಪ ಅದರಿಂದ ಒಂದು ಹಿಡಿ ಕದಿರು ಕೊಯ್ದು, ಬಾಯೊಳಗೇ "ಪೊಲಿ ಪೊಲಿ ದೇವಾ", ಹೆಚ್ಚಲಿ ದೇವರೇ, ಎಂದು ಹೇಳಿಕೊಂಡು, ಅಂಗಿಯೊಳಗೆ ಅಡಗಿಸಿದ. ಶೆಡ್ಡಿನ ಬಾಗಿಲಲ್ಲಿ ಕಾವಲಿನವನಿಗೆ ಸಿಕ್ಕಿಬಿದ್ದ. ಸೈನ್ಯದ ಧಾನ್ಯ ಕದ್ದ ಅಪರಾಧ. ಗುಡ್ಡದ ಮೇಲಿಂದ ಕ್ಯಾಂಪಿನ ಸಾಹೇಬ, ಇಬ್ಬರಲ್ಲಿ ಯಾವನೋ, ಇಳಿದು ಬಂದ. ಎಲ್ಲರನ್ನೂ ಮೊಣಕಾಲೂರಿಸಿ ತಲೆ ತಗ್ಗಿಸಿ ಕೂರಿಸಿದರು.

"ಹುಕುಂ ಕೊಟ್ಟ ದನಿ ಕೇಳಿದೆ. ಒಂದ್ಸಲ ತಲೆ ಎತ್ತಿದೆ. ಬೆನ್ನು ಕಂಡಿತು, ಬೂಟು ಕಂಡಿತು, ಕತ್ತಿ ಕಂಡಿತು, ಮಾದಪ್ಪನ ಬಿಗಿದ ಮುಷ್ಟಿ ಕಂಡಿತು. ಸಾಹೇಬನ ಮುಖ ಕಾಣ್ಲಿಲ್ಲ. ಅಷ್ಟೇ."

ಎಷ್ಟು ದೂರದಲ್ಲಿದ್ದಿರಿ ಎಂದು ಕ್ಯಾಪ್ಟನ್ ಕೇಳಿದ. ಅವರು ಎದ್ದು ಹೊರಗೆ ನಡೆದರು. ಕಾಫಿ ಒಣಗಿಸುವ ಕಣ ಖಾಲಿಯಿತ್ತು, ಮಳೆ ಸುರಿಯುತ್ತಿತ್ತು. ಒಂದು ತುದಿಯಲ್ಲಿ ನನ್ನನ್ನು ಮಾದಪ್ಪನೆಂದು ನಿಲ್ಲಿಸಿ, ಊನವಾದ ಕಾಲೆಳೆಯುತ್ತ ಹಿಂದೆ ಹಿಂದೆ ಸರಿದು ಒಂದು ಕಡೆ ನಿಂತರು. ಆಮೇಲೆ ಆ ಕೆಸರು ನೀರಿನಲ್ಲಿ ಮೊಣಕಾಲೂರಿ ಕುಳಿತು ತಲೆ ತಗ್ಗಿಸಿದರು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಕ್ಯಾಪ್ಟನ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೆಜ್ಜೆ ಅಳೆದ. ನಲವತ್ತೆರಡು.

ಒಳಗೆ ಬಂದ ಮೇಲೆ ಕ್ಯಾಪ್ಟನ್ ಕೇಳಿದ, "ಈ ವಿಚಾರಣೆಯಿಂದ ನಿನಗೆ ಏನಾಗಬೇಕು?"

"ಬಾಳೆಲೆಯಲ್ಲಿ ಮಾದಪ್ಪನ ಅವ್ವ ಇದ್ದಾರೆ. ಸರ್ಕಾರದಿಂದ ಅವರಿಗೆ ಬಂದದ್ದು ಕಾಣೆಯಾಗಿದ್ದಾನೆ ಅಂತ ಒಂದು ಕಾಗದ. ನಾನು ಬಂದು ಐದು ವರ್ಷ ಆಯ್ತು, ಇಲ್ಲಿಂದ ಬಾಳೆಲೆಗೆ ಅರ್ಧ ದಿನದ ದಾರಿ, ಹೋಗ್ಲಿಲ್ಲ. ಹೋದ್ರೆ ಯಾರು ಕೊಂದದ್ದು ಅಂತ ಕೇಳ್ತಾರೆ. ಎಂತ ಹೇಳುದು? ಬೆನ್ನು ಕಂಡಿತು ಅಂತಲಾ?"

ಈಗ ನನ್ನ ಕತೆ. ಹೇಳಲು ನಾಚಿಕೆಯಾಗುತ್ತದೆ, ಹೇಳದೆ ವಿಧಿಯಿಲ್ಲ.

ಕೊಲೆಯ ತಾರೀಕು ಬೇಕೇ ಬೇಕೆಂದು ಕ್ಯಾಪ್ಟನ್ ಪಟ್ಟು ಹಿಡಿದ. ಕುಶಾಲಪ್ಪಣ್ಣ ಹುತ್ತರಿ ಎಂದರು, ಮತ್ತೆ ಗಂಟುಗಳ ಮಾತು ತೆಗೆದರು. ಹಳ್ಳಿಯವರ ಗಂಟಿನ ಲೆಕ್ಕವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಬರೆಯುವುದೇ? ನನಗೇ ಅವಮಾನವೆನಿಸಿತು. ನಾನು ಬುದ್ಧಿವಂತ ನೋಡಿ. ಹುತ್ತರಿ ಕೊಡಗಿನಲ್ಲಿ ಸರ್ಕಾರಿ ರಜೆ. ನಮ್ಮ ಕೋರ್ಟಿನ ಬೀರುವಿನಲ್ಲಿ ಹಳೆಯ ರಜಾಪಟ್ಟಿಗಳನ್ನೆಲ್ಲ ನಾನೇ ಜೋಡಿಸಿ ಇಟ್ಟಿದ್ದೆ. ಆಳು ಕಳಿಸಿ ತರಿಸಿದೆ. ಆ ವರ್ಷದ ಹುತ್ತರಿ ಡಿಸೆಂಬರಿನ ಹುಣ್ಣಿಮೆಗೆ ಬಿದ್ದಿತ್ತು. ಡಿಸೆಂಬರ್ ಎಂದು ಟೈಪ್ ಮಾಡಿದೆ, ಗಂಟುಗಳನ್ನು ಬಿಟ್ಟೆ. ಓದಿ ಹೇಳುವಾಗ "ಹುತ್ತರಿಯ ದಿನ" ಎಂದು ಕನ್ನಡದಲ್ಲಿ ಹೇಳಿದೆ, ಅವರು ತಲೆಯಾಡಿಸಿದರು. ಒಂದು ಹಬ್ಬದಿಂದ ತಾರೀಕು ಹಿಡಿದೆನೆಂದು ಕ್ಯಾಪ್ಟನ್ ನನ್ನ ಬೆನ್ನು ತಟ್ಟಿದ. ಕುಶಾಲಪ್ಪಣ್ಣ ಹೆಬ್ಬೆಟ್ಟು ಒತ್ತಿದರು, ಮ್ಯಾಜಿಸ್ಟ್ರೇಟರು ಸಹಿ ಹಾಕಿದರು, ನಾನು ಅರಗು ಕರಗಿಸಿ ಮೊಹರು ಒತ್ತಿದೆ. ಆ ವಾಸನೆಯಲ್ಲಿ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ಕಿತ್ತುಬರಬೇಕಿತ್ತು.

ಮಳೆ ಹಿಡಿದು, ಬಿಟ್ಟು, ತುಲಾ ಸಂಕ್ರಮಣ ಹತ್ತಿರವಾಗುವ ಹೊತ್ತಿಗೆ ಕ್ಯಾಪ್ಟನನ ಕಾಗದ ಬಂತು. ಸಾಕ್ಷಿಗೆ ಓದಿ ಹೇಳಬೇಕೆಂದು ಬರೆದಿದ್ದ. ಭಾನುವಾರ ಬಸ್ಸು ಹತ್ತಿ ಪಾಲಿಬೆಟ್ಟಕ್ಕೆ ಹೋದೆ. ಸೀತಕ್ಕ ಬೆಲ್ಲದ ಕಾಫಿ ಕೊಟ್ಟು ಅಲ್ಲೇ ಕುಳಿತರು. ನಾನು ಗತ್ತಿನಿಂದಲೇ ಓದಿದೆ.

ಕನ್ನಡಕದವನು, ಎಂದರೆ ಒಂಬತ್ತನೆಯ ಫೋಟೋದವನು, ಡಿಸೆಂಬರ್ ತಿಂಗಳ ಮೊದಲಲ್ಲಿ ಕ್ಯಾಂಪಿನ ಅಧಿಕಾರ ವಹಿಸಿಕೊಂಡದ್ದು ಕಾಗದಪತ್ರಗಳಿಂದ ಸಿದ್ಧವಾಗಿದೆ. ಕೊಲೆ ಡಿಸೆಂಬರಿನ ಹುಣ್ಣಿಮೆಯಂದು ಆದದ್ದರಿಂದ ಆಜ್ಞೆ ಅವನದೇ. ಇನ್ನು ಕೆಲವು ವಾರಗಳಲ್ಲಿ ವಿಚಾರಣೆ, ಸಾಬೀತಾದರೆ ಗಲ್ಲು. ನಾಲ್ಕನೆಯ ಫೋಟೋದ ದಪ್ಪ ಕತ್ತಿನವನು ಯುದ್ಧದ ಕೊನೆಯಲ್ಲಿ ಬಾಂಬಿಗೆ ಸಿಕ್ಕಿ ಸತ್ತಿದ್ದಾನೆ.

"ಕನ್ನಡಕದವನಾ" ಎಂದು ಕುಶಾಲಪ್ಪಣ್ಣ ನಿಟ್ಟುಸಿರುಬಿಟ್ಟರು. ಐದು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿದವರ ನಿಟ್ಟುಸಿರು ಅದು.

ಸೀತಕ್ಕ ಮಾತ್ರ ಹುಬ್ಬು ಗಂಟಿಕ್ಕಿದರು. "ಆ ವರ್ಷದ ಹುತ್ತರಿ ಎಂತ ಮರೆಯಕ್ಕೆ ಉಟ್ಟಾ? ಎಲ್ಲ ಕಡೆ ಅಕ್ಕಿ ಇಲ್ಲೆ. ಗದ್ದೆಲಿ ಪೈರು ಹಣ್ಣಾಗಿ ಉದುರ್ತಾ ಉಟ್ಟು, ಮನೇಲಿ ಹಳೆ ಅಕ್ಕಿ ಮುಗ್ದುಟ್ಟು. ಹುತ್ತರಿ ಆಗದೆ ಹೊಸದು ಮುಟ್ಟುವಂಗೆ ಇಲ್ಲೆ. ಈ ಹುಣ್ಣಿಮೆಗೆ ಅಲ್ಲ, ರೋಹಿಣಿ ಕೂಡಿಲ್ಲೆ, ಇನ್ನೊಂದು ತಿಂಗ ಕಾಯಿ ಹೇಳಿ ಅಜ್ಜ ಹೇಳ್ದೊ. ಆ ಒಂದು ತಿಂಗ ಗೆಣಸು ತಿಂದ್ ಕಳ್ದೊ."

ಕುಶಾಲಪ್ಪಣ್ಣನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ಎಷ್ಟನೇ ಹುಣ್ಣಿಮೆಗೆ ಆದ್ದು?"

"ಹದಿಮೂರನೇದಕ್ಕೆ."

ಅವರು ಎದ್ದು ಒಳಗೆ ಹೋದರು. ತಗಡಿನ ಡಬ್ಬಿಯೊಂದನ್ನು ತಂದು, ಅದರಿಂದ ಬಣ್ಣಗೆಟ್ಟ ಉಡಿದಾರ ತೆಗೆದು, ನನ್ನ ಮುಂದೆ ಗಂಟುಗಳನ್ನು ಎಣಿಸಿದರು. ಹನ್ನೆರಡು. ಆಮೇಲೆ ದಾರ ಬರಿದಾಗಿತ್ತು. "ಮಾದಪ್ಪ ಹೋದ ಮೇಲೆ ನಾನು ಎಣಿಸ್ಲಿಲ್ಲ" ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹುತ್ತರಿಗೆ ಹುಣ್ಣಿಮೆಯೊಂದೇ ಸಾಲದು, ರೋಹಿಣಿ ನಕ್ಷತ್ರ ಕೂಡಬೇಕು. ಹೀಗಾಗಿ ಹಿಂದಿನ ಹುತ್ತರಿಯಿಂದ ಎಣಿಸಿದರೆ ಕೆಲವು ವರ್ಷ ಹನ್ನೆರಡನೆಯ ಹುಣ್ಣಿಮೆಗೆ ಬರುತ್ತದೆ, ಕೆಲವು ವರ್ಷ ಹದಿಮೂರಕ್ಕೆ. ನಕ್ಷತ್ರ ಕಾಣದ ಶೆಡ್ಡಿನಲ್ಲಿ ಕುಶಾಲಪ್ಪಣ್ಣ ಹನ್ನೆರಡಕ್ಕೇ ಹುತ್ತರಿ ಎಂದಿದ್ದರು. ಕೊಡಗಿನ ಹುತ್ತರಿ ಆದದ್ದು ಒಂದು ತಿಂಗಳ ಮೇಲೆ. ಕೊಲೆ ನಡೆದದ್ದು ನವೆಂಬರಿನ ಹುಣ್ಣಿಮೆಯಂದು. ಆಗ ಕ್ಯಾಂಪಿನಲ್ಲಿದ್ದವನು ದಪ್ಪ ಕತ್ತಿನವನು, ಸತ್ತುಹೋದವನು. ಕನ್ನಡಕದವನು ಇನ್ನೂ ಆ ಕ್ಯಾಂಪಿನ ಅಧಿಕಾರಿಯೇ ಆಗಿರಲಿಲ್ಲ. ಅವನ ಕೊರಳಿಗೆ ಹಗ್ಗ ಹಾಕಿದ್ದು ನನ್ನ ರಜಾಪಟ್ಟಿ.

ನನಗೆ ಮೊದಲು ನೆನಪಾದದ್ದು ಆ ಜಪಾನಿಯ ಪ್ರಾಣವಲ್ಲ, ನನ್ನ ನೌಕರಿ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕಲ್ಲ. "ಕುಶಾಲಪ್ಪಣ್ಣ, ಇದನ್ನ ಇಲ್ಲಿಗೇ ಬಿಟ್ಬಿಡಾಣ" ಎಂದೆ. "ಅವನೂ ಅವರೋನೇ ಅಲ್ವಾ? ಅವನ ಕೈಯಾಗೂ ನೀವು ಒದೆ ತಿಂದಿಲ್ವಾ? ತಿದ್ದಿದ್ರೆ ಮಾದಪ್ಪಂಗೋಸ್ಕರ ಶಿಕ್ಷೆ ಆಗೋಕೆ ಒಬ್ರೂ ಉಳಿಯಾಕಿಲ್ಲ. ಸತ್ತೋನನ್ನ ಯಾರು ಗಲ್ಲಿಗೆ ಹಾಕ್ತಾರೆ?"

ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಗಂಟುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಅದು ಹುತ್ತರಿಯೇ ಅಲ್ಲ ಗುಮಾಸ್ತರೇ. ನಾನು ಹೇಳಿದ್ದಕ್ಕೆ ಆ ಹುಡುಗ ಕದಿರು ಕೊಯ್ದ. ಹುತ್ತರಿಯೇ ಅಲ್ಲದ ದಿನ ಕೊಯ್ದ." ಸೀತಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. "ಒಬ್ಬ ನನ್ನ ಎಣಿಕೆ ತಪ್ಪಿ ಹೋದ. ಇನ್ನೊಬ್ಬ ಹೋಗುದು ಬೇಡ. ಕನ್ನಡಕದವ ನನಗೆ ಹೊಡೆದದ್ದು ಉಂಟು, ಅದನ್ನ ಬೇರೆ ಬರೀರಿ. ಅದಕ್ಕೆ ಎಷ್ಟು ಶಿಕ್ಷೆಯೋ ಅಷ್ಟು ಆಗ್ಲಿ. ಮಾದಪ್ಪನ್ನ ಅವ ಕೊಂದದ್ದಲ್ಲ."

ಹಿಂಸೆ ಪಟ್ಟವನು, ಕಾಲು ಊನ ಮಾಡಿಕೊಂಡವನು, ಐದು ವರ್ಷ ಒಂದು ಉತ್ತರಕ್ಕಾಗಿ ಕಾದವನು, ಆ ಉತ್ತರ ಕೈಗೆ ಬಂದ ಅರ್ಧ ಗಂಟೆಯಲ್ಲಿ ತಾನಾಗಿ ಬಿಟ್ಟುಕೊಟ್ಟ. ನಾನು ಅಷ್ಟರವರೆಗೆ ಕೋರ್ಟಿನಲ್ಲಿ ಸಾವಿರ ಸಲ "ಸತ್ಯವನ್ನೇ ಹೇಳುತ್ತೇನೆ" ಎಂಬುದನ್ನು ಟೈಪ್ ಮಾಡಿದ್ದೆ. ಅದರ ಅರ್ಥ ಆ ದಿನ ಕಣ್ಣಾರೆ ಕಂಡೆ. ಅವರ ಕಾಲು ಹಿಡಿಯಬೇಕೆನಿಸಿತು, ಸಂಕೋಚದಿಂದ ಸುಮ್ಮನಿದ್ದೆ. ಹಿಡಿಯಬೇಕಿತ್ತು.

ಮರುದಿನ ಅವರನ್ನು ವಿರಾಜಪೇಟೆಗೆ ಕರೆತಂದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ನನ್ನ ತಪ್ಪನ್ನು ನಾನೇ ಒಪ್ಪಿಕೊಂಡೆ. ಅವರು ಪೂರ್ತಿ ಕೇಳಿದರು.

"ಸಾಕ್ಷಿ ಹುತ್ತರಿ ಅಂದ, ನೀವು ಡಿಸೆಂಬರ್ ಅಂತ ಬರೆದ್ರಿ. ಕೂಡಿಸುವುದಿಲ್ಲ ಅಂತ ಪ್ರಮಾಣ ಮಾಡಿದ್ದು ನೀವೇ ಅಲ್ವಾ?" ಎಂದರು. ಆಮೇಲೆ ತಮ್ಮ ಕಡೆಗೂ ಬೆರಳು ತೋರಿಸಿಕೊಂಡರು. "ನಾನು ಕೊಡವ. ಹನ್ನೆರಡು ಹದಿಮೂರರ ಲೆಕ್ಕ ನನಗೆ ಗೊತ್ತಿರ್ಬೇಕಿತ್ತು. ಓದಿಯೂ ಸಹಿ ಹಾಕಿದೆ. ಕೂತ್ಕೊಳ್ಳಿ, ಹೊಸ ಹಾಳೆ ಹಾಕಿ."

ಈ ಸಲ ನಾನು ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಗಂಟು ಗಂಟನ್ನೂ ಬರೆದೆ. ಶೆಡ್ಡಿನ ತಟ್ಟಿ, ಕಾಣದ ನಕ್ಷತ್ರ, ಸೀತಕ್ಕನ ಮನೆಯ ಗೆಣಸು, ಎಲ್ಲ ಬಂತು. ಕೊನೆಗೆ ಇನ್ನೇನಾದರೂ ಹೇಳುವುದಿದೆಯೇ ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ಕುಶಾಲಪ್ಪಣ್ಣ ತಡವರಿಸಿದರು.

"ಒಂದು ಉಂಟು. ಅದು ಹುತ್ತರಿ ಅಲ್ಲ ಅಂತ ನಮಗೆ ಈಗ ಗೊತ್ತು. ಮಾದಪ್ಪನಿಗೆ ಗೊತ್ತಿರ್ಲಿಲ್ಲ. ಅವನಿಗೆ ಅದು ಹುತ್ತರಿಯೇ. ಅವ ಕದ್ದದ್ದಲ್ಲ, ಕದಿರು ತೆಗೆದದ್ದು. ಅದನ್ನ ಬರೀಬಹುದಾ?"

"ಬರೀರಿ" ಎಂದರು ಮ್ಯಾಜಿಸ್ಟ್ರೇಟರು. ಕದಿರು ತೆಗೆಯುವುದು ಎಂದರೇನೆಂದು ಇಂಗ್ಲಿಷಿನಲ್ಲಿ ಹೇಳಲು ನಾನು ಆ ಮಧ್ಯಾಹ್ನವೆಲ್ಲ ಹೆಣಗಿದೆ. ಹನ್ನೆರಡು ಗಂಟಿನ ದಾರವನ್ನು ಪುಟ್ಟ ಲಕೋಟೆಗೆ ಹಾಕಿ ಅರಗು ಒತ್ತುವಾಗ ಬಿಸಿ ಅರಗು ಹೆಬ್ಬೆರಳ ಮೇಲೆ ಬಿತ್ತು. ಕಲೆ ಇನ್ನೂ ಇದೆ. ವಿಚಾರಣೆ ತಡೆಹಿಡಿಯಬೇಕೆಂದು ತಂತಿಯನ್ನೂ ಕಳಿಸಿದೆವು. ನನ್ನ ನೌಕರಿ ಉಳಿಯಿತು, ಮ್ಯಾಜಿಸ್ಟ್ರೇಟರ ದೊಡ್ಡತನ.

ಆ ವರ್ಷದ ಹುತ್ತರಿ ಬಂತು, ಹೋಯಿತು. ನಾನು ಪ್ರತಿದಿನ ಟಪಾಲಿನವನ ದಾರಿ ನೋಡುತ್ತಿದ್ದೆ. ತಂತಿ ತಲುಪುವಷ್ಟರಲ್ಲಿ ತೀರ್ಪಾಗಿದ್ದರೆ? ಎಂದೂ ಕಾಣದ, ಭಾಷೆ ತಿಳಿಯದ ಒಬ್ಬ ಕನ್ನಡಕದವನಿಗಾಗಿ ನಾನು ಅನ್ನ ಬಿಟ್ಟದ್ದು ನೆನೆದರೆ ಈಗಲೂ ವಿಚಿತ್ರವೆನಿಸುತ್ತದೆ.

ಕಾಫಿ ಪಿಕಿಂಗ್ ಶುರುವಾದ ಮೇಲೆ ಲಕೋಟೆ ಬಂತು. ಅಂದೇ ಪಾಲಿಬೆಟ್ಟಕ್ಕೆ ಓಡಿದೆ. ಮಳೆಯಲ್ಲಿ ಕುಶಾಲಪ್ಪಣ್ಣ ಮೊಣಕಾಲೂರಿದ್ದ ಕಣದ ತುಂಬ ಕೆಂಪು ಹಣ್ಣು ಹರಡಿತ್ತು. ಅವರು ಕೋಲು ಹಿಡಿದು ಹಣ್ಣು ಕೆದಕಿಸುತ್ತಿದ್ದವರು ನನ್ನನ್ನು ಕಂಡು ನಿಂತರು. ಕಣದ ಅಂಚಿನಲ್ಲೇ ಕುಳಿತು ಓದಿದೆ. ಕೊಲೆಯ ಆರೋಪದಿಂದ ಕನ್ನಡಕದವನ ಬಿಡುಗಡೆ. ಸೆರೆಯಾಳುಗಳಿಗೆ ಹೊಡೆಸಿದ್ದಕ್ಕೆ ಕೆಲವು ವರ್ಷದ ಸಜೆ. ಮಾದಪ್ಪನನ್ನು ಕೊಲ್ಲಿಸಿದವನು ಹಿಂದಿನ ಅಧಿಕಾರಿ ಎಂದು ಅವನ ಹೆಸರು ಸಮೇತ ದಾಖಲಿಸಲಾಗಿದೆ. ದಾರವನ್ನು ಅದರ ಒಡೆಯನಿಗೆ ಹಿಂದಿರುಗಿಸಲಾಗಿದೆ. ಕೆಳಗೆ ಕ್ಯಾಪ್ಟನ್ ಕೈಯಿಂದಲೇ ಬರೆದಿದ್ದ: ಇಷ್ಟು ವರ್ಷಗಳಲ್ಲಿ ತನ್ನನ್ನು ಹಿಂಸಿಸಿದವನ ಜೀವ ಉಳಿಸಲು ಹೇಳಿಕೆ ತಿದ್ದಿದ ಸಾಕ್ಷಿಯನ್ನು ಅವನು ಕಂಡದ್ದು ಇದೊಂದೇ ಸಲ.

ತೀರ್ಪಿನ ಒಂದು ಸಾಲಿಗೆ ಗೆರೆ ಎಳೆದಿತ್ತು. ಅದನ್ನು ಎರಡು ಸಲ ಓದಿದೆ. ಸತ್ತ ಸಿಪಾಯಿ ಕಳ್ಳನಲ್ಲ. ತನ್ನ ನಾಡಿನ ಸುಗ್ಗಿಯ ಹಬ್ಬವೆಂದು ನಂಬಿದ ದಿನ, ಆ ನಾಡಿನ ಪದ್ಧತಿಯಂತೆ ಅವನು ಮೊದಲ ತೆನೆಯನ್ನು ಕೊಯ್ದನು.

"ಇದನ್ನ ಬರೆದದ್ದು ಯಾರು?"

"ಜಡ್ಜ್‌ಗಳು."

"ಅವರಿಗೆ ಹುತ್ತರಿ ಗೊತ್ತುಂಟಾ?"

"ಈಗ ಗೊತ್ತು" ಎಂದೆ.

ಅವರು ಲಕೋಟೆ ತೆಗೆದುಕೊಂಡು ಅರಗಿನ ಮೇಲೆ ಬೆರಳಿಟ್ಟು ನೋಡಿದರು. "ನಾಳೆ ಬಾಳೆಲೆಗೆ ಹೋಗುವ. ನೀವೂ ಬನ್ನಿ. ಓದ್ಲಿಕ್ಕೆ ಆಳು ಬೇಕು."

ಮಾದಪ್ಪನ ಅವ್ವ ಕಿರಿಯ ಮಗನ ಸಂಸಾರದೊಡನೆ ಇದ್ದರು. ಅಂಗಳದಲ್ಲಿ ಮೊಮ್ಮಕ್ಕಳ ಗಲಾಟೆ, ಸೊಸೆ ಬತ್ತ ಕೇರುತ್ತಿದ್ದಳು. ಕುಶಾಲಪ್ಪಣ್ಣ ಕೈಕಟ್ಟಿ ನಿಂತು, ಯಾರೆಂದು ಹೇಳಿಕೊಂಡು, ಎಲ್ಲವನ್ನೂ ಹೇಳಿದರು. ಹನ್ನೆರಡು ಗಂಟು, ಹದಿಮೂರನೆಯ ಹುಣ್ಣಿಮೆ, ತಾನು ತಪ್ಪು ದಿನ ಹೇಳಿದ್ದು, ಏನನ್ನೂ ಮುಚ್ಚಿಡಲಿಲ್ಲ. ನಾನು ತೀರ್ಪನ್ನು ಕನ್ನಡದಲ್ಲಿ ಓದಿದೆ. ಕೊಂದವನ ಹೆಸರು ಓದುವಾಗ ನಿಧಾನಿಸಿದೆ, ಕೇಳಬಹುದೆಂದು. ಅವರು ಆ ಹೆಸರನ್ನು ಎರಡನೆಯ ಸಲ ಕೇಳಲಿಲ್ಲ. ಯಾರು ಕೊಂದದ್ದು ಎಂಬ ಪ್ರಶ್ನೆಗೆ ಹೆದರಿ ಐದು ವರ್ಷ ಈ ಅಂಗಳಕ್ಕೆ ಕಾಲಿಡದ ಕುಶಾಲಪ್ಪಣ್ಣ ನೆಲ ನೋಡುತ್ತ ನಿಂತಿದ್ದರು.

ಅವ್ವ ಕೇಳಿದ್ದು ಇಷ್ಟೇ, "ಕದಿರು ಅವನ ಕೈಯಲ್ಲಿ ಇತ್ತಾ?"

"ಇತ್ತವ್ವ. ಕೊನೆಗೂ ಬಿಡ್ಲಿಲ್ಲ. ನಾನು ಕಂಡದ್ದು."

ಇದು ಕಂಡದ್ದೋ, ಕೇಳಿದ್ದೋ ಎಂದು ಅಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಅವ್ವ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಬಂದು, ಕೈ ತೊಳೆದುಕೊಳ್ಳಿ ಎಂದು ಹೇಳಿ, ನಮ್ಮಿಬ್ಬರಿಗೂ ಎಲೆ ಹಾಕಿ ಹೊಸ ಅಕ್ಕಿಯ ಅನ್ನ ಬಡಿಸಿದರು.